ಮಾಂಟ್ರಿಯಲ್‌ನಂಥ ಚಳಿಯೂರಿನಲ್ಲಿ ಜಲಕೃಷಿ ಹಸಿರುಮನೆ ಉದ್ಯಮ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಊರಿನ ತೋಟ, ಗದ್ದೆಗಳ ಹಂಬಲವನ್ನು ಬಿಡಲಾಗದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರು ಧಾರವಾಡದಲ್ಲೋ ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲೋ ಕೃಷಿ ಓದಿ ಬಂದವರು. ನಾನು ಮಾಂಟ್ರಿಯಲ್‌ನಲ್ಲಿ ಜಲಕೃಷಿಯ, ಅಂದರೆ ಮಣ್ಣಿಲ್ಲದೆ ಗೊಬ್ಬರ ಕರಗಿಸಿದ ನೀರಿನಲ್ಲೇ ಬೆಳೆಯುವ, ಸಣ್ಣದೊಂದು ಸೊಪ್ಪಿನ ಹಸಿರುಮನೆಯನ್ನು ಹಲವು ಚಳಿಗಾಲಗಳಿಂದ ನೋಡಿಕೊಳ್ಳುತ್ತಿರುವುದರಿಂದ ಅಂಥವರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ. ಅವುಗಳಿಗೆ ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ಅಂಕಿಗಳೆಲ್ಲ ಮಾಂಟ್ರಿಯಲ್‌ನ ಹವೆಗೆ ಹೊಂದುವಂಥವು. ಬೇರೆ ಊರಿನವರು ತಮ್ಮ ಊರಿನ ಚಳಿಗೆ ತಕ್ಕಂತೆ ಅವನ್ನು ತಿದ್ದಿಕೊಳ್ಳಬೇಕು.

ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯಲ್ಲಿ ಸೊಪ್ಪು ಬೆಳೆಯುವುದು ನಿಜವಾಗಿಯೂ ಸಾಧ್ಯವೇ?

ಸಾಧ್ಯ. ಅದು ಪ್ರಯೋಗದ ಹಂತವನ್ನು ದಾಟಿ ಬಹಳ ಕಾಲವಾಯಿತು. ಲೂಫಾ ಫಾರ್ಮ್ಸ್ ಸಂಸ್ಥೆಯು 2011ರಲ್ಲಿ ಮಾಂಟ್ರಿಯಲ್‌ನ ಅಹುಂಟ್ಸಿಕ್ ಬಡಾವಣೆಯ ಕಟ್ಟಡವೊಂದರ ಚಾವಣಿಯ ಮೇಲೆ ಸುಮಾರು 31,000 ಚದರ ಅಡಿಯ ಹಸಿರುಮನೆಯನ್ನು ಆರಂಭಿಸಿತು; ಚಾವಣಿಯ ಮೇಲಿನ ವಾಣಿಜ್ಯ ಹಸಿರುಮನೆಗಳಲ್ಲಿ ಪ್ರಪಂಚದಲ್ಲೇ ಮೊದಲನೆಯದೆಂದು ಅದು ಹೆಸರಾಗಿದೆ. ಅದೇ ಸಂಸ್ಥೆ 2020ರಲ್ಲಿ ಸೇಂಟ್ ಲಾರೆಂಟ್‌ನ ಗೋದಾಮೊಂದರ ಮೇಲೆ ಸುಮಾರು 1,60,000 ಚದರ ಅಡಿಯ ಇನ್ನೊಂದನ್ನು ತೆರೆಯಿತು. ನಗರದ ಹೊರಗೆ ನೋಡುವುದಾದರೆ, ಒಂಟಾರಿಯೊದ ಲೀಮಿಂಗ್ಟನ್ ಸುತ್ತಮುತ್ತ ಟೊಮೆಟೊ, ಸೌತೆ, ದಪ್ಪ ಮೆಣಸಿನಕಾಯಿಗಳ ಹಸಿರುಮನೆಗಳು ಕಣ್ಣು ಹಾಯುವವರೆಗೂ ಹರಡಿವೆ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ಸರ್ಕಾರ ತನ್ನ ಹಸಿರುಮನೆಗಳ ವಿಸ್ತೀರ್ಣವನ್ನು ಐದು ವರ್ಷಗಳಲ್ಲಿ ಇಮ್ಮಡಿಗೊಳಿಸುವ ಯೋಜನೆಯನ್ನು 2020ರಲ್ಲಿ ಪ್ರಕಟಿಸಿತ್ತು. ಹಾಗಾಗಿ ಬೆಳೆಯುತ್ತದೆಯೇ ಎಂಬ ಪ್ರಶ್ನೆ ಈಗ ಉಳಿದಿಲ್ಲ; ಜನವರಿಯ ಒಂದು ಗಡ್ಡೆ ಲೆಟ್ಯೂಸ್‌ಗೆ (ಎಲೆಗಳು ಎಲೆಕೋಸಿನಂತೆ ಗುಂಪಾಗಿ ಕೂಡುವ ಸಲಾಡಿನ ಸೊಪ್ಪು) ಎಷ್ಟು ಶಾಖ ಖರ್ಚಾಗುತ್ತದೆ, ಆ ಖರ್ಚನ್ನು ತೆರಲು ಯಾರು ಸಿದ್ಧರಿದ್ದಾರೆ ಎಂಬುದೇ ಈಗಿನ ಪ್ರಶ್ನೆ.

ಬೆಂಗಳೂರಿನ ಸುತ್ತ ಪಾಲಿಹೌಸ್ ನಡೆಸಿದ ಅನುಭವವಿದೆ. ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಗಿಡವನ್ನು ನೋಡಿ ಅದರ ಹಸಿವು, ಬಾಯಾರಿಕೆ, ರೋಗಗಳನ್ನು ಗುರುತಿಸುವ ಕಣ್ಣು ಎಲ್ಲಿದ್ದರೂ ಉಪಯೋಗಕ್ಕೆ ಬರುತ್ತದೆ. ಆದರೆ ಕಟ್ಟಡದ ವಿಷಯದಲ್ಲಿ ಊರಿನ ಅನುಭವವನ್ನು ಪಕ್ಕಕ್ಕಿಡಬೇಕಾಗುತ್ತದೆ. ದೊಡ್ಡಬಳ್ಳಾಪುರದ ಕಡೆ ಗುಲಾಬಿಗೋ ದಪ್ಪ ಮೆಣಸಿನಕಾಯಿಗೋ ಕಟ್ಟಿದ ಪಾಲಿಹೌಸಿನ ಕೆಲಸವೆಂದರೆ ಮಳೆಯನ್ನು ತಡೆಯುವುದು, ಬಿಸಿಗಾಳಿಯನ್ನು ನೆತ್ತಿಯ ಕಿಂಡಿಯಿಂದ ಹೊರಗೆ ಕಳುಹಿಸುವುದು, ಬಿಸಿಲು ಹೆಚ್ಚಾದರೆ ನೆರಳುಪರದೆ ಎಳೆಯುವುದು. ಅಲ್ಲಿ ಬೆಳಕು ಪುಕ್ಕಟೆ, ಶಾಖವೇ ಶತ್ರು. ಇಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಕನ್ನೂ ಶಾಖವನ್ನೂ ಕೊಂಡುಕೊಳ್ಳಬೇಕು, ಕೊಂಡದ್ದು ಸೋರಿಹೋಗದಂತೆ ಪ್ರತಿಯೊಂದು ಸಂದನ್ನೂ ಮುಚ್ಚಬೇಕು. ಊರಿನಲ್ಲಿ ಬಾಗಿಲು ಓರೆಯಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಜನವರಿಯ ರಾತ್ರಿ ಬಾಗಿಲು ಒಂದು ಬೆರಳಿನಷ್ಟು ತೆರೆದಿದ್ದರೂ ಅದರ ಪಕ್ಕದ ಎರಡು ಸಾಲು ಸಸಿಗಳು ಬೆಳಗಾಗುವಷ್ಟರಲ್ಲಿ ಬೆಂದ ಸೊಪ್ಪಿನಂತೆ ಜೋತುಬಿದ್ದಿರುತ್ತವೆ.

ಎಲ್ಲಕ್ಕಿಂತ ಮೊದಲು ಯಾವುದನ್ನು ಲೆಕ್ಕ ಹಾಕಬೇಕು?

ವರ್ಷದ ಅತ್ಯಂತ ಚಳಿಯ ರಾತ್ರಿ ನಿಮ್ಮ ಹಸಿರುಮನೆಯಿಂದ ಎಷ್ಟು ಶಾಖ ಹೊರಗೆ ಹೋಗುತ್ತದೆ ಎಂಬುದನ್ನು. ಸಾಮಾನ್ಯವಾಗಿ ಜನ ದೀಪಗಳ ಬೆಲೆಯನ್ನೋ ತೊಟ್ಟಿಗಳ ಬೆಲೆಯನ್ನೋ ಮೊದಲು ವಿಚಾರಿಸುತ್ತಾರೆ. ಆದರೆ ಜಾಗ, ಹೊದಿಕೆ, ಬೆಳೆ, ಮಾರಾಟದ ಬೆಲೆ ಎಲ್ಲವೂ ನಿರ್ಧಾರವಾಗುವುದು ಶಾಖದ ಲೆಕ್ಕದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕದ ರೀತಿ ಸರಳವಾಗಿದೆ. ಹೊದಿಕೆಯ ಒಟ್ಟು ವಿಸ್ತೀರ್ಣವನ್ನು (ನೆಲದ ವಿಸ್ತೀರ್ಣವನ್ನಲ್ಲ, ಗೋಡೆಗಳೂ ಇಳಿಜಾರು ಚಾವಣಿಯೂ ಸೇರಬೇಕು) ಆ ಹೊದಿಕೆಯ ಶಾಖ ಸೋರಿಕೆಯ ಗುಣಾಂಕದಿಂದಲೂ, ಒಳಗಿನ ಮತ್ತು ಹೊರಗಿನ ಉಷ್ಣಾಂಶಗಳ ವ್ಯತ್ಯಾಸದಿಂದಲೂ ಗುಣಿಸಬೇಕು. ನೆಲದ ಮೇಲೆ 500 ಚದರ ಮೀಟರ್ ಇರುವ ಹಸಿರುಮನೆಗೆ ಸುಮಾರು 850 ಚದರ ಮೀಟರ್ ಹೊದಿಕೆ ಇದೆ ಎಂದಿಟ್ಟುಕೊಳ್ಳೋಣ. ನಡುವೆ ಗಾಳಿ ತುಂಬಿದ ಎರಡು ಪದರದ ಪಾಲಿಥೀನ್ ಹಾಳೆಯಾದರೆ ಗುಣಾಂಕವನ್ನು (ಒಂದು ಚದರ ಮೀಟರಿನಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸೋರುವ ಶಾಖ) 4 ವ್ಯಾಟ್ ಎಂದು ಹಿಡಿಯಬಹುದು. ಒಳಗೆ 18 ಡಿಗ್ರಿ ಬೇಕು, ಹೊರಗೆ ಸೊನ್ನೆಗಿಂತ 22 ಕೆಳಗಿದೆ ಎಂದರೆ ವ್ಯತ್ಯಾಸ 40. ಗುಣಿಸಿದರೆ 1,36,000 ವ್ಯಾಟ್, ಅಂದರೆ 136 ಕಿಲೋವ್ಯಾಟ್. ಸಂದುಗಳಿಂದ ನುಗ್ಗುವ ಗಾಳಿಗೆ ಇನ್ನಷ್ಟು ಸೇರಿಸಿ 150 ಕಿಲೋವ್ಯಾಟ್ ಎಂದು ಇಟ್ಟುಕೊಳ್ಳುವುದು ಕ್ಷೇಮ. ಇಲ್ಲಿನ ತಾಪಕಗಳ (ಹೀಟರುಗಳ) ಮೇಲೆ ಬಿ.ಟಿ.ಯು. ಎಂಬ ಶಾಖದ ಅಳತೆಯಲ್ಲಿ ಬರೆದಿರುತ್ತದೆ, ಇದು ಗಂಟೆಗೆ ಸುಮಾರು 5,12,000 ಬಿ.ಟಿ.ಯು. ಆಗುತ್ತದೆ.

ಇದು ತಾಪಕದ ಗಾತ್ರವನ್ನು ನಿರ್ಧರಿಸುವ ಲೆಕ್ಕ. ತಿಂಗಳ ಬಿಲ್ಲಿಗೆ ಸರಾಸರಿಯನ್ನು ನೋಡಬೇಕು. ಮಾಂಟ್ರಿಯಲ್‌ನ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿರುತ್ತದೆ. ವ್ಯತ್ಯಾಸ 28 ಆದಾಗ ಸೋರಿಕೆ ಸುಮಾರು 95 ಕಿಲೋವ್ಯಾಟ್, ದಿನಕ್ಕೆ ಸುಮಾರು 2,300 ಯೂನಿಟ್ (ಕಿಲೋವ್ಯಾಟ್-ಗಂಟೆ). ರಾತ್ರಿ ಎಳೆಯುವ ಶಾಖಪರದೆ, ಹಗಲಿನ ಬಿಸಿಲು, ದೀಪಗಳ ಬಿಸಿ ಇವೆಲ್ಲ ಸೇರಿ ಮೂರರಲ್ಲೊಂದು ಭಾಗವನ್ನು ಉಳಿಸಿದರೂ ದಿನಕ್ಕೆ 1,500 ಯೂನಿಟ್ ಶಾಖ ಬೇಕೇ ಬೇಕು. ಈ ಹಸಿರುಮನೆಯಲ್ಲಿ 300 ಚದರ ಮೀಟರ್ ಬೆಳೆಯ ತೊಟ್ಟಿ ಇದ್ದು, ದಿನಕ್ಕೆ 300 ಗಡ್ಡೆ ಲೆಟ್ಯೂಸ್ ಕೊಯ್ಯುತ್ತೀರಿ ಎಂದಾದರೆ ಒಂದೊಂದು ಗಡ್ಡೆಯೂ 5 ಯೂನಿಟ್ ಶಾಖವನ್ನು ಹೊತ್ತುಕೊಂಡು ಅಂಗಡಿಗೆ ಹೋಗುತ್ತದೆ. ನಿಮಗೆ ಸಿಗುವ ಇಂಧನದ ಬೆಲೆಯಿಂದ ಆ ಐದನ್ನು ಗುಣಿಸಿ ನೋಡಿ. ಯೂನಿಟ್‌ಗೆ 10 ಸೆಂಟ್ ಆದರೆ ಶಾಖಕ್ಕೇ 50 ಸೆಂಟ್. ಅದನ್ನು ನೋಡಿದ ಮೇಲೂ ಮುಂದುವರಿಯುವ ಧೈರ್ಯವಿದ್ದರೆ ಕೆಳಗಿನ ಪ್ರಶ್ನೆಗಳಿಗೆ ಬರಬಹುದು.

ಹೊದಿಕೆಗೆ ಗಾಜು ಒಳ್ಳೆಯದೋ, ಪಾಲಿಕಾರ್ಬನೇಟ್ ಒಳ್ಳೆಯದೋ?

ಒಂಟಿ ಗಾಜು ಬೆಳಕನ್ನು ಚೆನ್ನಾಗಿ ಬಿಡುತ್ತದೆ, ಶಾಖವನ್ನೂ ಅಷ್ಟೇ ಉದಾರವಾಗಿ ಬಿಡುತ್ತದೆ. ಅದರ ಗುಣಾಂಕ 6 ವ್ಯಾಟ್‌ನ ಆಸುಪಾಸು. ಎರಡು ಗೋಡೆಯ 8 ಮಿಲಿಮೀಟರ್ ಪಾಲಿಕಾರ್ಬನೇಟ್ ಹಲಗೆಯದು ಮೂರೂವರೆಯ ಹತ್ತಿರ. ಸಣ್ಣ ಬಂಡವಾಳದವರು ಚಾವಣಿಗೆ ಎರಡು ಪದರದ ಪಾಲಿಥೀನ್, ಪಕ್ಕದ ಗೋಡೆಗಳಿಗೆ ಪಾಲಿಕಾರ್ಬನೇಟ್ ಹಾಕಿ ಆರಂಭಿಸುವುದು ವಿವೇಕದ ದಾರಿ. ಉತ್ತರ ದಿಕ್ಕಿನ ಗೋಡೆಯಿಂದ ಚಳಿಗಾಲದಲ್ಲಿ ನೇರ ಬಿಸಿಲು ಬರುವುದೇ ಇಲ್ಲವಾದ್ದರಿಂದ ಅದನ್ನು ಪಾರದರ್ಶಕವಾಗಿ ಕಟ್ಟದೆ, ಒಳ್ಳೆಯ ಶಾಖನಿರೋಧಕ ತುಂಬಿ, ಒಳಮೈಗೆ ಬಿಳಿ ಬಣ್ಣ ಬಳಿಯುವುದು ಲೇಸು.

ಶಾಖಪರದೆಯ ಬಗ್ಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಸಂಜೆ ಬೆಳೆಯ ಮೇಲೆ ಅಡ್ಡವಾಗಿ ಚಾಚಿಕೊಳ್ಳುವ ಈ ಪರದೆ ರಾತ್ರಿಯ ಸೋರಿಕೆಯಲ್ಲಿ ಮೂರರಲ್ಲೊಂದು ಭಾಗದಿಂದ ಅರ್ಧದವರೆಗೂ ಉಳಿಸಬಲ್ಲದು.

ಹಿಮ ಬಿದ್ದು ಚಾವಣಿಯ ಮೇಲೆ ಕೂತರೆ ಏನು ಮಾಡಬೇಕು?

ಹಿಮ ಬೀಳುವ ರಾತ್ರಿ ಶಾಖಪರದೆಯನ್ನು ತೆರೆದಿಡಬೇಕು. ಪರದೆ ಮುಚ್ಚಿದ್ದರೆ ಬಿಸಿ ಕೆಳಗೇ ಉಳಿಯುತ್ತದೆ, ಚಾವಣಿ ತಣ್ಣಗಾಗುತ್ತದೆ, ಹಿಮ ಕರಗದೆ ಪದರದ ಮೇಲೆ ಪದರವಾಗಿ ಪೇರುತ್ತದೆ. ತೆರೆದಿದ್ದರೆ ಬಿಸಿ ಮೇಲೇರಿ ಹಿಮದ ತಳಪದರವನ್ನು ಕರಗಿಸುತ್ತದೆ, ಮೇಲಿನದು ಜಾರಿ ಬೀಳುತ್ತದೆ. ಆ ರಾತ್ರಿ ಇಂಧನ ಹೆಚ್ಚು ಉರಿಯುವುದನ್ನು ನೋಡಿ ಪರದೆ ಎಳೆದು ಉಳಿಸೋಣ ಎನಿಸುವುದು ಸಹಜ, ಆದರೆ ಹಾಗೆ ಮಾಡಬಾರದು. ಮಳೆ ನಿಂತ ಮೇಲೆ ಹಳ್ಳಿಯ ಹೆಂಚಿನ ಮನೆಯಲ್ಲಿ ಕೂತು ಮಾಡಿನ ಹನಿ ಎಣಿಸಿದವರಿಗೆ ಈ ಸದ್ದು ಪರಿಚಯವಿರದು: ನಡುರಾತ್ರಿ ಮೆಲ್ಲಗೆ ಒಂದು ಉಜ್ಜುವ ಶಬ್ದ, ಆಮೇಲೆ ಧೊಪ್ಪೆಂದು ಹಿಮದ ರಾಶಿ ಪಕ್ಕಕ್ಕೆ ಬೀಳುವುದು, ಬಿದ್ದ ಜಾಗದಲ್ಲಿ ಚಾವಣಿಯಾಚೆಯ ಬೀದಿದೀಪ ಮತ್ತೆ ಕಾಣುವುದು. ಆ ಸದ್ದು ಕೇಳಿದರೆ ನಾನು ನೆಮ್ಮದಿಯಿಂದ ಮಲಗುತ್ತೇನೆ.

ಕಟ್ಟಡದ ಚೌಕಟ್ಟು ಸ್ಥಳೀಯ ಕಟ್ಟಡ ಸಂಹಿತೆ ಹೇಳುವ ಹಿಮಭಾರಕ್ಕೆ ತಕ್ಕದ್ದಾಗಿರಬೇಕು. ಬೆಚ್ಚಗಿನ ಪ್ರದೇಶಕ್ಕೆಂದು ಮಾರುವ ಅಗ್ಗದ ಕಮಾನುಗಳನ್ನು ತರಿಸಿಕೊಂಡು ಇಲ್ಲಿ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ಚಾವಣಿಯ ಮೇಲೆ ಕಟ್ಟುವುದೋ, ನೆಲದ ಮೇಲೆಯೋ?

ಚಾವಣಿಯ ಮೇಲೆ ಕಟ್ಟಿದರೆ ಕೆಳಗಿನ ಕಟ್ಟಡದಿಂದ ಸೋರುವ ಶಾಖ ನಿಮಗೆ ಸಿಗುತ್ತದೆ, ಅಕ್ಕಪಕ್ಕದ ನೆರಳು ಕಡಿಮೆ ಇರುತ್ತದೆ, ಗಿರಾಕಿ ಹತ್ತಿರದಲ್ಲೇ ಇರುತ್ತಾನೆ. ಆದರೆ ಹಳೆಯ ಕಟ್ಟಡಗಳ ಚಾವಣಿಯನ್ನು ಹಿಮದ ಭಾರವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿರುತ್ತಾರೆ. ಒಂದು ಅಡಿ ಆಳದ ನೀರಿನ ತೊಟ್ಟಿ ಚದರ ಮೀಟರಿಗೆ 300 ಕಿಲೋ ತೂಗುತ್ತದೆ. ಅದನ್ನು ಹೊರುವ ಶಕ್ತಿ ಬಹುತೇಕ ಚಾವಣಿಗಳಿಗಿಲ್ಲ. ಆದ್ದರಿಂದ ಚಾವಣಿಗೆ ಕೊಳವೆಗಳಲ್ಲಿ ನೀರು ತೆಳ್ಳಗೆ ಹರಿಯುವ ತೆಳುನೀರಿನ ಕಾಲುವೆ ಪದ್ಧತಿಯೇ ಹೊಂದುತ್ತದೆ. ರಚನಾ ಎಂಜಿನಿಯರ್ ಲಿಖಿತವಾಗಿ ಒಪ್ಪಿಗೆ ಕೊಡುವವರೆಗೆ ಬಾಡಿಗೆಯ ಕರಾರಿಗೆ ಸಹಿ ಹಾಕಬೇಡಿ. ಲಿಫ್ಟ್ ಎಲ್ಲಿಯವರೆಗೆ ಬರುತ್ತದೆ, ನೀರಿನ ಕೊಳವೆ ಎಲ್ಲಿದೆ, ತುರ್ತು ನಿರ್ಗಮನಕ್ಕೆ ಎಷ್ಟು ಮೆಟ್ಟಿಲು ಬೇಕು ಎಂಬ ಪ್ರಶ್ನೆಗಳೂ ಚಾವಣಿಯಲ್ಲಿ ದುಬಾರಿಯವೇ. ಮೊದಲ ಸಲ ಕೈಹಾಕುವವರಿಗೆ ಕೈಗಾರಿಕಾ ಬಡಾವಣೆಯ ಖಾಲಿ ನಿವೇಶನವನ್ನೇ ನಾನು ಸೂಚಿಸುತ್ತೇನೆ; ಪಕ್ಕದಲ್ಲಿ ಬೇಕರಿಯೋ ಲಾಂಡ್ರಿಯೋ ಶೀತಲಗೃಹವೋ ಇದ್ದು ಅದು ಹೊರಗೆ ಚೆಲ್ಲುವ ಶಾಖವನ್ನು ಪಡೆಯುವ ಒಪ್ಪಂದವಾದರೆ ಇನ್ನೂ ಒಳ್ಳೆಯದು.

ಚಳಿಗಾಲದಲ್ಲಿ ಬೆಳಕು ಸಾಲುತ್ತದೆಯೇ?

ಸಾಲುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಮಾಂಟ್ರಿಯಲ್‌ನ ಹಗಲು ಎಂಟೂಮುಕ್ಕಾಲು ಗಂಟೆಗಿಂತ ಕಡಿಮೆ. ಗಿಡಕ್ಕೆ ದಿನವೊಂದಕ್ಕೆ ಸಿಗುವ ಒಟ್ಟು ಬೆಳಕನ್ನು ಚದರ ಮೀಟರಿಗೆ ಇಷ್ಟು ಮೋಲ್ ಎಂದು ಅಳೆಯುತ್ತಾರೆ. ಲೆಟ್ಯೂಸ್‌ಗೆ 17 ಮೋಲ್ ಗುರಿ ಇಟ್ಟುಕೊಳ್ಳಬೇಕೆಂಬುದು ಕಾರ್ನೆಲ್ ವಿಶ್ವವಿದ್ಯಾಲಯದವರು ರೂಪಿಸಿದ ಪದ್ಧತಿ; ಅದರಂತೆ ಬಿತ್ತಿದ 35 ದಿನಗಳಲ್ಲಿ 150 ಗ್ರಾಂ ತೂಕದ ಗಡ್ಡೆ ಸಿಗುತ್ತದೆ. ಮೋಡ ಕವಿದ ಡಿಸೆಂಬರ್‌ನಲ್ಲಿ ಹೊದಿಕೆಯೊಳಗೆ ಸಿಗುವುದು ಐದಾರು ಮೋಲ್ ಇದ್ದರೆ ಹೆಚ್ಚು. ಉಳಿದ ಹತ್ತು, ಹನ್ನೊಂದನ್ನು ದೀಪ ಕೊಡಬೇಕು.

ಹತ್ತು ಮೋಲನ್ನು 16 ಗಂಟೆಗಳಿಗೆ ಹಂಚಿದರೆ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 174 ಮೈಕ್ರೋಮೋಲ್ (ಮೋಲಿನ ಹತ್ತು ಲಕ್ಷದಲ್ಲೊಂದು ಭಾಗ). ಒಳ್ಳೆಯ ಎಲ್.ಇ.ಡಿ. ದೀಪವು ಒಂದು ಜೂಲ್ ವಿದ್ಯುತ್ತಿಗೆ (ಒಂದು ವ್ಯಾಟ್ ಒಂದು ಸೆಕೆಂಡಿನಲ್ಲಿ ಉರಿದಷ್ಟು) 3 ಮೈಕ್ರೋಮೋಲ್ ಕೊಡುತ್ತದೆ ಎಂದು ಹಿಡಿದರೆ ಚದರ ಮೀಟರಿಗೆ 58 ವ್ಯಾಟ್. ಮೇಲಿನ ಉದಾಹರಣೆಯ 300 ಚದರ ಮೀಟರಿಗೆ ದಿನಕ್ಕೆ ಸುಮಾರು 280 ಯೂನಿಟ್. ಅಂದರೆ ಗಡ್ಡೆಯೊಂದಕ್ಕೆ ಒಂದು ಯೂನಿಟ್‌ಗೂ ತುಸು ಕಡಿಮೆ. ಶಾಖದ ಐದರ ಮುಂದೆ ಬೆಳಕಿನ ಈ ಒಂದನ್ನು ಇಟ್ಟು ನೋಡಿದರೆ ನಾನು ಮೊದಲು ಶಾಖದ ಲೆಕ್ಕ ಹಾಕಿ ಎಂದದ್ದೇಕೆ ಎಂಬುದು ತಿಳಿಯುತ್ತದೆ.

ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬಾರದು. 17 ಮೋಲ್ ದಾಟಿ, ಗಾಳಿಯಾಟವಿಲ್ಲದಿದ್ದರೆ ಗಡ್ಡೆಯ ಒಳಗಿನ ಎಳೆ ಎಲೆಗಳಿಗೆ ಸುಣ್ಣದಂಶ ತಲುಪದೆ ಅವುಗಳ ಅಂಚು ಸುಟ್ಟಂತೆ ಕಂದಾಗುತ್ತದೆ. ಹೊರಗಿನಿಂದ ಚೆಂದ ಕಾಣುವ ಅಂಥ ಗಡ್ಡೆಯನ್ನು ಹೋಟೆಲಿನವರು ಬಿಡಿಸಿ ನೋಡಿದ ದಿನ ವ್ಯಾಪಾರ ಕೈತಪ್ಪುತ್ತದೆ. ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಬೀಸುವ ಫ್ಯಾನುಗಳೇ ಅದಕ್ಕೆ ಮದ್ದು.

ಹಾಗಾದರೆ ಕಿಟಕಿಯಿಲ್ಲದ ಕೋಣೆಯಲ್ಲಿ ದೀಪ ಹಾಕಿ ಬೆಳೆಯುವುದೇ ಅಗ್ಗವಲ್ಲವೇ?

ಜನವರಿಯನ್ನೊಂದನ್ನೇ ನೋಡಿದರೆ ಹೌದು, ಇದನ್ನು ಒಪ್ಪಿಕೊಳ್ಳಲೇಬೇಕು. ಚೆನ್ನಾಗಿ ಶಾಖನಿರೋಧ ಮಾಡಿದ ಕೋಣೆಯಲ್ಲಿ 17 ಮೋಲನ್ನೂ ದೀಪದಿಂದಲೇ ಕೊಟ್ಟರೆ 300 ಚದರ ಮೀಟರಿಗೆ ದಿನಕ್ಕೆ ಸುಮಾರು 470 ಯೂನಿಟ್ ಸಾಕು, ದೀಪದ ಬಿಸಿಯೇ ಕೋಣೆಯನ್ನು ಬೆಚ್ಚಗಿಡುತ್ತದೆ. ಆದರೆ ಆ ಬಿಸಿಯನ್ನೂ ಎಲೆಗಳಿಂದ ಹೊರಡುವ ತೇವವನ್ನೂ ಹೊರಹಾಕಲು ಯಂತ್ರ ಬೇಕು, ಆ ಯಂತ್ರಕ್ಕೆ ವರ್ಷವಿಡೀ ವಿದ್ಯುತ್ ಬೇಕು. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸೂರ್ಯ ಪುಕ್ಕಟೆಯಾಗಿ ಕೊಡುವುದನ್ನು ನೀವು ಹೊರಗೇ ನಿಲ್ಲಿಸಿ ಬಿಲ್ಲು ಕಟ್ಟುತ್ತಿರುತ್ತೀರಿ. ಬಂಡವಾಳವೂ ಅಪಾರ. ಅಮೆರಿಕದಲ್ಲಿ ಇಂಥ ಕೋಣೆಗಳಿಗೆ ಬಹಳ ಹಣ ಹೂಡಿದ್ದ ಏರೋಫಾರ್ಮ್ಸ್ 2023ರ ಜೂನ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು, ಬೋವರಿ ಫಾರ್ಮಿಂಗ್ 2024ರಲ್ಲಿ ಬಾಗಿಲು ಮುಚ್ಚಿತು, ಪ್ಲೆಂಟಿ ಸಂಸ್ಥೆ 2025ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆಗೆ ಹೋಯಿತು. ಗಾಜಿನ ಮನೆಗಳೂ ಇದಕ್ಕೆ ಹೊರತಲ್ಲ. ಕೆಂಟಕಿಯಲ್ಲಿ ಬೃಹತ್ ಹಸಿರುಮನೆ ಕಟ್ಟಿದ್ದ ಆಪ್‌ಹಾರ್ವೆಸ್ಟ್ 2023ರ ಜುಲೈನಲ್ಲಿ ಅದೇ ದಾರಿ ಹಿಡಿಯಿತು. ಸಾಲದ ಬಡ್ಡಿಗೆ ತಕ್ಕ ವೇಗದಲ್ಲಿ ಸೊಪ್ಪು ಬೆಳೆಯುವುದಿಲ್ಲ ಎಂಬುದನ್ನು ಈ ಪಟ್ಟಿಯಿಂದ ಕಲಿಯಬಹುದು.

ಮೈಕ್ರೋಗ್ರೀನ್ಸ್ ಮಾತ್ರ ಬೇಕೆನ್ನುವವರಿಗೆ ಕೋಣೆಯೇ ಸಾಕು. ಒಂದೆರಡು ವಾರದಲ್ಲಿ ಕೊಯ್ಲಿಗೆ ಬರುವ ಆ ಎಳೆ ಮೊಳಕೆಗಳಿಗೆ ಹಸಿರುಮನೆ ಕಟ್ಟುವುದು ವ್ಯರ್ಥ.

ತೆಳುನೀರಿನ ಕಾಲುವೆಯೋ, ತೇಲುವ ಹಲಗೆಯೋ? ಯಾವ ಪದ್ಧತಿ ಒಳ್ಳೆಯದು?

ಕಾಲುವೆ ಪದ್ಧತಿಯಲ್ಲಿ ಇಳಿಜಾರಿನ ಕೊಳವೆಗಳಲ್ಲಿ ಪೋಷಕ ದ್ರಾವಣ ತೆಳ್ಳಗೆ ಹರಿಯುತ್ತಿರುತ್ತದೆ. ಹಲಗೆ ಪದ್ಧತಿಯಲ್ಲಿ ತೊಟ್ಟಿ ತುಂಬ ದ್ರಾವಣವಿದ್ದು, ಅದರ ಮೇಲೆ ಥರ್ಮೋಕೋಲ್‌ನಂಥ ಹಗುರ ಹಲಗೆಗಳು ತೇಲುತ್ತವೆ, ಹಲಗೆಯ ತೂತುಗಳಲ್ಲಿ ಸಸಿಗಳು ಕೂತಿರುತ್ತವೆ. ನೆಲದ ಮೇಲೆ ಕಟ್ಟುವವರಿಗೆ ನಾನು ಸಂಕೋಚವಿಲ್ಲದೆ ಹಲಗೆ ಪದ್ಧತಿಯನ್ನೇ ಹೇಳುತ್ತೇನೆ. ಹತ್ತಾರು ಸಾವಿರ ಲೀಟರ್ ನೀರು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿ ಬಿಟ್ಟುಕೊಡುತ್ತದೆ. ಪಂಪು ನಿಂತರೆ ಕಾಲುವೆಯ ಗಿಡ ಕೆಲವೇ ಗಂಟೆಗಳಲ್ಲಿ ಬಾಡುತ್ತದೆ, ತೊಟ್ಟಿಯ ಗಿಡ ನಿಮಗೆ ಹೆಚ್ಚಿನ ಸಮಯ ಕೊಡುತ್ತದೆ.

ದಿನ ಬೆಳಗಾದರೆ ಒಂದೆರಡು ಹಲಗೆಗಳನ್ನು ಎತ್ತಿ ಬೇರು ನೋಡುವುದನ್ನು ರೂಢಿಸಿಕೊಳ್ಳಬೇಕು. ಆರೋಗ್ಯವಾದ ಬೇರು ಒತ್ತು ಶಾವಿಗೆಯಂತೆ ಬೆಳ್ಳಗೆ, ಒಂದೊಂದು ಎಳೆಯೂ ಬಿಡಿಬಿಡಿಯಾಗಿ ನೇತಾಡುತ್ತದೆ, ಮೂಸಿದರೆ ಹಸಿ ಸೌತೆಕಾಯಿಯ ವಾಸನೆ. ಕಂದು ಬಣ್ಣ ತಿರುಗಿ, ಬೆರಳಿನಲ್ಲಿ ಸವರಿದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಉಳಿಯುವಂತಿದ್ದರೆ ಪಿಥಿಯಮ್ ಎಂಬ ಬೇರುಕೊಳೆ ಬಂದಿದೆ ಎಂದರ್ಥ. ನೀರು 25 ಡಿಗ್ರಿ ದಾಟಿದಾಗ, ಅದರಲ್ಲಿ ಆಮ್ಲಜನಕ ಕಡಿಮೆಯಾದಾಗ ಇದು ಹೆಚ್ಚು. ಚಳಿಯೂರಿನಲ್ಲಿ ಇದೇಕೆ ಬರುತ್ತದೆ ಎಂದು ಕೇಳಬಹುದು. ಜುಲೈ ತಿಂಗಳ ಮಾಂಟ್ರಿಯಲ್ 30 ಡಿಗ್ರಿ ದಾಟುವುದುಂಟು.

ಪೋಷಕ ದ್ರಾವಣ ತಯಾರಿಸುವಾಗ ಯಾವ ಎಚ್ಚರ ಬೇಕು?

ಸಾರೀಕೃತ ಗೊಬ್ಬರಗಳನ್ನು ಎರಡು ಡಬ್ಬಗಳಲ್ಲಿ ಬೇರೆಬೇರೆಯಾಗಿ ಇಡಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್, ಫಾಸ್ಫೇಟ್‌ಗಳ ಜೊತೆ ಸಾರವಾಗಿಯೇ ಬೆರೆಸಿದರೆ ತಳದಲ್ಲಿ ಸುಣ್ಣದಂತೆ ಗಷ್ಟು ಕೂರುತ್ತದೆ, ಹಾಗೆ ಕೂತ ಪೋಷಕಾಂಶ ಗಿಡಕ್ಕೆ ಸಿಗುವುದಿಲ್ಲ. ದ್ರಾವಣದ ಹುಳಿಯಂಶವನ್ನು ತೋರಿಸುವ ಪಿ.ಹೆಚ್. 5.5ರಿಂದ 6.5ರ ನಡುವೆ, ಕರಗಿದ ಗೊಬ್ಬರದ ಪ್ರಮಾಣವನ್ನು ತೋರಿಸುವ ಇ.ಸಿ. (ವಿದ್ಯುತ್ ವಾಹಕತೆ) ಲೆಟ್ಯೂಸ್‌ಗೆ 1.2ರಿಂದ 1.8ರ ನಡುವೆ ಇರಲಿ. ಮೀಟರುಗಳನ್ನು ವಾರಕ್ಕೊಮ್ಮೆ ತಾಳೆ ನೋಡಬೇಕು. ನಲ್ಲಿನೀರಿನ ಕ್ಷಾರತೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಗೊಬ್ಬರದ ಸೂತ್ರ ಬರೆಯಬೇಡಿ.

ಯಾವ ಬೆಳೆ ಬೆಳೆಯಬೇಕು? ಮೆಂತ್ಯ, ಕೊತ್ತಂಬರಿ ನಡೆಯುತ್ತದೆಯೇ?

ಕಡಿಮೆ ಶಾಖದಲ್ಲಿ ಬೆಳೆಯುವುದನ್ನು ಚಳಿಗಾಲಕ್ಕೆ, ಹೆಚ್ಚು ಬೆಳಕು ಬೇಡುವುದನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಟೊಮೆಟೊಗೆ 20ರಿಂದ 30 ಮೋಲ್ ಬೇಕು, ದೊಡ್ಡವರ ಜೊತೆ ಪೈಪೋಟಿಯೂ ಬೇಕು; ಸಣ್ಣವರು ಅದನ್ನು ಮರೆಯುವುದೇ ಮೇಲು. ಲೆಟ್ಯೂಸ್, ಎಲೆಕೋಸಿನ ಬಳಗದ ಸೊಪ್ಪುಗಳಾದ ಕೇಲ್, ಪಾಕ್‌ಚಾಯ್ ಚಳಿಯನ್ನು ಸಹಿಸುತ್ತವೆ. ತುಳಸಿಯ ಬಳಗದ ಬೇಸಿಲ್‌ಗೆ ಒಳ್ಳೆಯ ಬೆಲೆಯಿದೆ, ಆದರೆ 12 ಡಿಗ್ರಿಗಿಂತ ಕೆಳಗೆ ಎಲೆ ಕಪ್ಪಾಗುತ್ತದೆ. ಲೆಟ್ಯೂಸ್ ಇಡುವ ತಣ್ಣನೆಯ ಪೆಟ್ಟಿಗೆಯಲ್ಲೇ ಬೇಸಿಲ್ ಇಟ್ಟು ಕಳುಹಿಸಿದರೆ ಅಂಗಡಿಗೆ ತಲುಪುವಷ್ಟರಲ್ಲಿ ಅದು ಹಾಳು.

ಮೆಂತ್ಯ ಸೊಪ್ಪು ಜಲಕೃಷಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಒತ್ತಾಗಿ ಬಿತ್ತಿ, ಮೂರರಿಂದ ನಾಲ್ಕು ವಾರದೊಳಗೆ ಬೇರುಸಹಿತ ಕಿತ್ತು ಕಟ್ಟು ಕಟ್ಟಬಹುದು. ಚಳಿಗಾಲದಲ್ಲಿ ದೂರದಿಂದ ಲಾರಿಯಲ್ಲಿ ಬರುವ ಮೆಂತ್ಯದ ಕಟ್ಟುಗಳ ನಡುವೆ ಹಳದಿ ಎಲೆಗಳೇ ಹೆಚ್ಚಿರುತ್ತವೆ; ಬೆಳಗ್ಗೆ ಕಿತ್ತದ್ದನ್ನು ಮಧ್ಯಾಹ್ನ ಪಾರ್ಕ್ ಎಕ್ಸ್‌ಟೆನ್ಶನ್ ಬಡಾವಣೆಯ ದಕ್ಷಿಣ ಏಷ್ಯಾದ ಅಂಗಡಿಗಳಿಗೆ ಕೊಟ್ಟರೆ ಆ ವ್ಯತ್ಯಾಸವನ್ನು ಗಿರಾಕಿ ಮೂಗಿನಿಂದಲೇ ಗುರುತಿಸುತ್ತಾರೆ. ಕೊತ್ತಂಬರಿ ಬೆಳೆಯುತ್ತದೆ, ಆದರೆ ಬೇಸಿಗೆಯ ದೀರ್ಘ ಹಗಲಿನಲ್ಲಿ ಬೇಗ ಹೂ ಬಿಡುತ್ತದೆ. ಪಾಲಕ್‌ಗೆ ಬೇರುಕೊಳೆ ಬಲುಬೇಗ ಹತ್ತುತ್ತದೆ. ಮೊದಲ ವರ್ಷ ಅದರ ಗೊಡವೆ ಬೇಡ.

ಮುಚ್ಚಿದ ಹಸಿರುಮನೆಯಲ್ಲಿ ತೇವ ಹೆಚ್ಚುವುದಿಲ್ಲವೇ?

ಹೆಚ್ಚುತ್ತದೆ. ಚಳಿಗಾಲದ ಅತಿ ದೊಡ್ಡ ಸಮಸ್ಯೆಗಳಲ್ಲಿ ಇದೂ ಒಂದು. ಎಲೆಗಳು ಉಸಿರಾಡಿದ ನೀರೆಲ್ಲ ತಣ್ಣನೆಯ ಹೊದಿಕೆಯ ಒಳಮೈಯಲ್ಲಿ ಹನಿಗಟ್ಟಿ, ಬೆಳಗ್ಗೆ ಟಪಟಪನೆ ಗಿಡಗಳ ಮೇಲೆ ಬೀಳುತ್ತದೆ. ಹನಿ ಬಿದ್ದ ಕಡೆ ಎರಡು ದಿನಗಳಲ್ಲಿ ಬೂದು ಬೂಷ್ಟು ಕಾಣಿಸಿಕೊಳ್ಳುತ್ತದೆ. ಕಿಂಡಿಯನ್ನು ಸ್ವಲ್ಪ ತೆರೆದು, ಅದೇ ಹೊತ್ತಿಗೆ ತಾಪಕವನ್ನೂ ನಡೆಸಿ, ತೇವದ ಗಾಳಿಯನ್ನು ಹೊರಗೆ ಕಳುಹಿಸಬೇಕು. ಹೊರಗಿನ ಒಣ ಗಾಳಿ ಬಿಸಿಯಾದಾಗ ಸ್ಪಂಜಿನಂತೆ ತೇವವನ್ನು ಹೀರುತ್ತದೆ. ಶಾಖ ವ್ಯರ್ಥವಾಯಿತೆಂದು ಮರುಗುವವರು ಬೂಷ್ಟು ಹಿಡಿದ ಬೆಳೆಯ ಬೆಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಮುಚ್ಚಿದ ಮನೆಯಲ್ಲಿ ಗಿಡಗಳು ಇಂಗಾಲದ ಡೈಆಕ್ಸೈಡನ್ನು ಬೇಗ ಮುಗಿಸುತ್ತವೆ ಎಂಬುದನ್ನೂ ಮರೆಯಬಾರದು. ಹಗಲಿನಲ್ಲಿ ಅದನ್ನು 800ರಿಂದ 1,000 ಪಿ.ಪಿ.ಎಂ.ಗೆ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ಅಷ್ಟು ಭಾಗ) ಏರಿಸಿದರೆ ಇಳುವರಿ ಹೆಚ್ಚುತ್ತದೆ; ಜೊತೆಗೆ ಎಚ್ಚರಿಕೆಯ ಅಳತೆಯಂತ್ರವೂ ಇರಲೇಬೇಕು.

ಹೊರಗೆ ಹಿಮವಿರುವಾಗ ಕೀಟಗಳು ಬರುತ್ತವೆಯೇ?

ಬರುತ್ತವೆ, ಒಳಗೆ ಸದಾ ವಸಂತವಾದ್ದರಿಂದ ಸುಖವಾಗಿ ಉಳಿಯುತ್ತವೆ. ಥ್ರಿಪ್ಸ್ ನುಸಿ, ಸಸ್ಯಹೇನು, ಬಿಳಿ ನೊಣ ಇವೇ ಮುಖ್ಯವಾದವು. ಸೊಪ್ಪಿನ ಬೆಳೆಗೆ ಔಷಧ ಹೊಡೆಯುವ ಬದಲು ಶತ್ರುಕೀಟಗಳನ್ನು ತಿನ್ನುವ ಮಿತ್ರಕೀಟಗಳನ್ನು ಬಿಡುವುದು ಇಲ್ಲಿನ ವಾಡಿಕೆ: ಬಿಳಿ ನೊಣಕ್ಕೆ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜ, ಸಸ್ಯಹೇನಿಗೆ ಅಫಿಡಿಯಸ್ ಕಣಜ, ಥ್ರಿಪ್ಸ್‌ಗೆ ಕುಕುಮೆರಿಸ್ ಎಂಬ ಪರಭಕ್ಷಕ ನುಸಿ. ಕೀಟ ಕಂಡ ಮೇಲೆ ತರಿಸುವುದಲ್ಲ, ಮೊದಲೇ ವಾರವಾರ ಬಿಡುತ್ತಿರಬೇಕು.

ವಿದ್ಯುತ್ ಹೋದರೆ?

1998ರ ಜನವರಿಯ ಮಂಜುಗಡ್ಡೆ ಬಿರುಗಾಳಿಯಲ್ಲಿ ಮಾಂಟ್ರಿಯಲ್ ಸುತ್ತಲಿನ ಲಕ್ಷಾಂತರ ಮನೆಗಳು ಕತ್ತಲಾದವು, ಕೆಲವೆಡೆ ವಾರಗಟ್ಟಲೆ ವಿದ್ಯುತ್ ಬರಲಿಲ್ಲ. 2023ರ ಏಪ್ರಿಲ್‌ನಲ್ಲಿಯೂ ಅಂಥದ್ದೇ ಮಂಜಿನ ಮಳೆಗೆ ಕ್ವಿಬೆಕ್‌ನ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ವಿದ್ಯುತ್ ಕಳೆದುಕೊಂಡರು. ಆದ್ದರಿಂದ ತಾಪಕದ ಫ್ಯಾನು, ಪಂಪು, ತೊಟ್ಟಿಯ ನೀರಿಗೆ ಆಮ್ಲಜನಕ ಬೆರೆಸುವ ಗಾಳಿಗುಳ್ಳೆಯ ಯಂತ್ರ ಇವಿಷ್ಟನ್ನು ನಡೆಸಬಲ್ಲ ಜನರೇಟರ್ ಇಲ್ಲದೆ ಮೊದಲ ಬೀಜ ಬಿತ್ತಬೇಡಿ. ದೀಪಗಳು ಒಂದೆರಡು ದಿನ ಆರಿದ್ದರೂ ಬೆಳೆ ಸಾಯುವುದಿಲ್ಲ. ಶಾಖ ಒಂದು ರಾತ್ರಿ ನಿಂತರೆ ಎಲ್ಲವೂ ಮುಗಿಯುತ್ತದೆ.

ಒಂದು ಫೆಬ್ರವರಿಯ ರಾತ್ರಿ ನಮ್ಮಲ್ಲಿ ಊರಿನ ವಿದ್ಯುತ್ ಹೋಗಿರಲಿಲ್ಲ, ಒಂದು ಬ್ರೇಕರ್ ಮಾತ್ರ ಬಿದ್ದಿತ್ತು. ಮೊಬೈಲಿಗೆ ಎಚ್ಚರಿಕೆ ಕಳುಹಿಸಬೇಕಿದ್ದ ಯಂತ್ರದ ಇಂಟರ್ನೆಟ್ ರೌಟರನ್ನು ನಾನು ಅದೇ ಬ್ರೇಕರಿನ ಸಾಲಿಗೆ ಜೋಡಿಸಿದ್ದರಿಂದ ಎಚ್ಚರಿಕೆ ಬರಲೇ ಇಲ್ಲ. ಬೆಳಗ್ಗೆ ಐದಕ್ಕೆ ಬಾಗಿಲು ತೆಗೆದಾಗ ಒಳಗೆ 3 ಡಿಗ್ರಿ. ಲೆಟ್ಯೂಸ್ ಉಳಿಯಿತು, ಬೇಸಿಲ್ ಪೂರ್ತಿ ಹೋಯಿತು. ಎಚ್ಚರಿಕೆಯ ಯಂತ್ರಕ್ಕೆ ಬೇರೆ ಬ್ಯಾಟರಿಯೂ ಬೇರೆ ಸಿಮ್ ಕಾರ್ಡೂ ಇರಬೇಕೆಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ರಾಸಾಯನಿಕ ಸಿಂಪಡಿಸದಿದ್ದರೆ ಸಾವಯವ ಎಂದು ಹೆಸರಿಸಿ ಮಾರಬಹುದೇ?

ಕೆನಡಾದಲ್ಲಿ ಆಗುವುದಿಲ್ಲ. ಮಣ್ಣಿನಲ್ಲಿ ಬೆಳೆಯದ, ಜಲಕೃಷಿಯ ತರಕಾರಿಗೆ ಸಾವಯವ ಪ್ರಮಾಣಪತ್ರವನ್ನು ಇಲ್ಲಿನ ರಾಷ್ಟ್ರೀಯ ಮಾನದಂಡ ಒಪ್ಪುವುದಿಲ್ಲ. ಅಮೆರಿಕದಲ್ಲಿ ನಿಯಮ ಬೇರೆ ಇರುವುದರಿಂದ ಈ ಗೊಂದಲ ಬರುತ್ತದೆ. ಕೀಟನಾಶಕ ಬಳಸಿಲ್ಲ, ಇಂಥ ಬಡಾವಣೆಯಲ್ಲಿ ಬೆಳೆದದ್ದು, ಇಂಥ ದಿನ ಕೊಯ್ದದ್ದು ಎಂದು ನಿಜವನ್ನೇ ಬರೆಯಿರಿ.

ಯಾವ ಯಾವ ಅನುಮತಿಗಳು ಬೇಕು?

ನಗರದ ಪ್ರತಿಯೊಂದು ಬರೋ (ನಗರದೊಳಗಿನ ಆಡಳಿತ ವಿಭಾಗ) ಆಡಳಿತಕ್ಕೂ ತನ್ನದೇ ವಲಯ ನಿಯಮಗಳಿವೆ. ವಾಣಿಜ್ಯ ಹಸಿರುಮನೆಗೆ ಅವಕಾಶವಿದೆಯೇ ಎಂಬುದನ್ನು ಅಲ್ಲಿಂದ ಲಿಖಿತವಾಗಿ ಪಡೆಯುವುದೇ ಮೊದಲ ಹೆಜ್ಜೆ. ಆಮೇಲೆ ಪ್ರಾಂತ್ಯದ ಕೃಷಿ ಸಚಿವಾಲಯದಲ್ಲಿ ಕೃಷಿ ಉದ್ಯಮವಾಗಿ ನೋಂದಣಿ. ಮಾಲು ಪ್ರಾಂತ್ಯದ ಗಡಿ ದಾಟುವುದಾದರೆ 2019ರ ಜನವರಿಯಲ್ಲಿ ಜಾರಿಗೆ ಬಂದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಒಕ್ಕೂಟ ಸರ್ಕಾರದ ಪರವಾನಗಿಯೂ ಬೇಕು. ದೊಡ್ಡ ಅಂಗಡಿಗಳು ಕೆನಡಾಗ್ಯಾಪ್‌ನಂಥ ಆಹಾರ ಸುರಕ್ಷತೆಯ ಪ್ರಮಾಣಪತ್ರ ಕೇಳುತ್ತವೆ. ಹೊಸ ಕಟ್ಟಡಗಳಲ್ಲಿ ಅನಿಲದ ತಾಪಕಗಳಿಗೆ ಕಡಿವಾಣ ಹಾಕುವ ನಿಯಮವನ್ನು ಮಾಂಟ್ರಿಯಲ್ ನಗರಾಡಳಿತ 2023ರಲ್ಲಿ ಅಂಗೀಕರಿಸಿದೆ; ನಿಮ್ಮ ಕಟ್ಟಡ ಅದರಡಿ ಬರುತ್ತದೆಯೇ ಎಂದು ವಿಚಾರಿಸದೆ ತಾಪಕ ಕೊಳ್ಳಬೇಡಿ. ಪ್ರಾಂತ್ಯದ ವಿದ್ಯುತ್ ಸಂಸ್ಥೆಯಾದ ಹೈಡ್ರೋ ಕ್ವಿಬೆಕ್ ಹಸಿರುಮನೆಗಳ ದೀಪ ಮತ್ತು ಶಾಖಕ್ಕೆ ರಿಯಾಯಿತಿ ದರ ಇಟ್ಟಿದೆ, ಆದರೆ ಅದು ಬೇಡಿಕೆ ವಿಪರೀತವಾದ ಚಳಿಗಾಲದ ಗಂಟೆಗಳಲ್ಲಿ ಬಳಕೆ ನಿಲ್ಲಿಸಬೇಕಾಗಬಹುದಾದ ಷರತ್ತಿನೊಂದಿಗೆ ಬರುತ್ತದೆ. ಅಂಥ ಗಂಟೆಗಳಿಗೆ ಎರಡನೆಯ ಇಂಧನ ಇರಲೇಬೇಕು. ಕಚೇರಿಯ ವ್ಯವಹಾರ, ಚೀಟಿಯ ಬರಹ ಬಹುಮಟ್ಟಿಗೆ ಫ್ರೆಂಚ್‌ನಲ್ಲಿ ನಡೆಯುವುದರಿಂದ ಆ ಭಾಷೆ ಕಲಿಯುವುದನ್ನೂ ಬಂಡವಾಳದ ಭಾಗವೆಂದೇ ತಿಳಿಯಬೇಕು.

ಮಾರಾಟವನ್ನು ಯಾವಾಗ ಯೋಚಿಸಬೇಕು?

ಅಡಿಪಾಯ ಹಾಕುವ ಮೊದಲು. ಸೂಪರ್‌ಮಾರುಕಟ್ಟೆಯೊಂದನ್ನೇ ನೆಚ್ಚಿದರೆ ಕ್ಯಾಲಿಫೋರ್ನಿಯಾದಿಂದ ಬರುವ ಮಾಲಿನ ಬೆಲೆಗೆ ನೀವು ತಲೆಬಾಗಬೇಕಾಗುತ್ತದೆ, ಆ ಬೆಲೆಯಲ್ಲಿ ನಿಮ್ಮ ಐದು ಯೂನಿಟ್ ಶಾಖದ ಖರ್ಚು ಹುಟ್ಟುವುದಿಲ್ಲ. ಲೂಫಾ ಸಂಸ್ಥೆಯವರು ತಮ್ಮ ಬೆಳೆಯ ಜೊತೆ ಸುತ್ತಲಿನ ರೈತರ ಮಾಲನ್ನೂ ಸೇರಿಸಿ, ಗಿರಾಕಿಗಳಿಂದ ನೇರವಾಗಿ ಆನ್‌ಲೈನ್ ಬುಟ್ಟಿಗಳಿಗೆ ಆದೇಶ ಪಡೆಯುತ್ತಾರೆ. ಸಣ್ಣ ಪ್ರಮಾಣದಲ್ಲಿ ಇದೇ ದಾರಿ ನಮಗೂ ತೆರೆದಿದೆ. ಬೇಸಿಗೆಯಲ್ಲೇ ಹತ್ತು ಹೋಟೆಲುಗಳು, ಐದಾರು ಅಂಗಡಿಗಳು, ಐವತ್ತು ಮನೆಗಳ ಪಟ್ಟಿ ಮಾಡಿ, ಬೇರೆಯವರಿಂದ ಕೊಂಡ ಸೊಪ್ಪನ್ನಾದರೂ ಸರಿ ಅವರಿಗೆ ಮೂರು ತಿಂಗಳು ತಲುಪಿಸಿ ನೋಡಿ. ಯಾರು ವಾರವಾರ ತಪ್ಪದೆ ಕೊಳ್ಳುತ್ತಾರೆ, ಯಾರು ಬಾಯಿಮಾತಿನಲ್ಲಿ ಮಾತ್ರ ಮೆಚ್ಚುತ್ತಾರೆ ಎಂಬುದು ಆಗ ತಿಳಿಯುತ್ತದೆ.

ಒಬ್ಬರೇ ನಡೆಸಬಹುದೇ?

ಸಾಧ್ಯವಿಲ್ಲ. ದಿನಕ್ಕೆ 300 ಗಡ್ಡೆ ಕೊಯ್ದು, ತೊಳೆದ ಹಲಗೆಗಳಿಗೆ ಅಷ್ಟೇ ಸಸಿ ನೆಟ್ಟು, ಮತ್ತಷ್ಟು ಬಿತ್ತಿ, ಪೊಟ್ಟಣ ಕಟ್ಟಿ, ತಲುಪಿಸಿ ಬರುವುದಕ್ಕೆ ಕನಿಷ್ಠ ಮೂರು ಜನ ಬೇಕು. ಗಿಡಕ್ಕೆ ಭಾನುವಾರವಿಲ್ಲವಾದ್ದರಿಂದ ರಜೆಯ ಸರದಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಯಾವ ತಿಂಗಳಲ್ಲಿ ಆರಂಭಿಸಬೇಕು?

ಮಾಂಟ್ರಿಯಲ್‌ನಲ್ಲಿ ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ಹಗಲು ಹತ್ತು ಗಂಟೆಗಿಂತ ಕಡಿಮೆ. ಕಟ್ಟಡವನ್ನು ಬೇಸಿಗೆಯಲ್ಲಿ ಮುಗಿಸಿದ ಬಹುತೇಕರು ಅಕ್ಟೋಬರ್‌ನಲ್ಲೇ ಬಿತ್ತಿ, ಕೈ ಪಳಗುವ ಮೊದಲೇ ವರ್ಷದ ಅತಿ ಕಷ್ಟದ, ಅತಿ ಖರ್ಚಿನ ಮೂರು ತಿಂಗಳುಗಳಿಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ಚಳಿಗಾಲದಲ್ಲಿ ಬೆಳೆ ಇಡದೆ, ತಾಪಕವನ್ನು 5 ಡಿಗ್ರಿಗೆ ನಿಲ್ಲಿಸಿ, ಸೋರಿಕೆಗಳನ್ನು ಹುಡುಕಿ ಮುಚ್ಚಿ, ಜನರೇಟರನ್ನು ಹಲವು ಸಲ ಓಡಿಸಿ ನೋಡಿ. ಹಿಮ ಬೀಳುವ ರಾತ್ರಿ ಮಾತ್ರ ತಾಪಕವನ್ನು ಏರಿಸಿ, ಪರದೆಯನ್ನು ತೆರೆದಿಡಿ. ಜನವರಿಯ ಕೊನೆಯ ವಾರದಲ್ಲಿ ಮೊದಲ ಬೀಜ ಬಿತ್ತಿ. ಸಸಿಗಳು ತೊಟ್ಟಿಗೆ ಇಳಿಯುವ ಹೊತ್ತಿಗೆ ಹಗಲು ಹತ್ತು ಗಂಟೆ ದಾಟಿರುತ್ತದೆ, ಮಾರ್ಚ್ ಮೊದಲ ವಾರ ಹೊರಗೆ ಇನ್ನೂ ಮೊಣಕಾಲುದ್ದ ಹಿಮವಿರುವಾಗಲೇ ಮೊದಲ ಕೊಯ್ಲು ಕೈಗೆ ಬರುತ್ತದೆ.